ಹೆಲ್ಮೆಟ್ ಇತ್ತಾ? ಮತ್ತೆ ಯಾವಾಗ ಬರ್ತಾರೆ?

ಸೈಕಲ್ ರೇಸಿನ ದೊಡ್ಡ ಹೆಸರೊಂದು ಬಿದ್ದ ಸುದ್ದಿ ಬಂದ ದಿನ ಬಳ್ಳಾರಿ, ಗಂಗಾವತಿ ಕಡೆಯ ಸವಾರರು ಬೆಳಗಿನ ರೈಡ್ ಮುಗಿಸಿ ಒಗ್ಗರಣಿ-ಮಿರ್ಚಿಗೆ ನಿಂತಾಗ ನಡೆಯುವ ಮಾತು ಹೆಚ್ಚೂಕಡಿಮೆ ಒಂದೇ ಜಾಡಿನದು. ಒಬ್ಬರು ಫೋನು ಮುಂದೆ ಹಿಡಿದು "ನೋಡಣ್ಣ, ಹೆಂಗ್ ಬಿದ್ದಾನ" ಅನ್ನುತ್ತಾರೆ. ಇನ್ನೊಬ್ಬರು "ಹೆಲ್ಮೆಟ್ ಹಾಕ್ಕಂಡಿದ್ನಾ?" ಅಂತ ಕೇಳುತ್ತಾರೆ. "ಹಾಕ್ಕಂಡೇ ಇರ್ತಾನ ಬಿಡೋ, ಮತ್ತ ಯಾವಾಗ ಬರ್ತಾನಂತ?" ಅನ್ನುವುದು ಮೂರನೆಯವರು. ಅಲ್ಲಿಗೆ ಮಾತು ಮುಂದಿನ ರೇಸನ್ನು ಯಾರು ಗೆಲ್ಲಬಹುದು ಅನ್ನುವ ಕಡೆ ಹೊರಳುತ್ತದೆ. ಈ ಎರಡು ಪ್ರಶ್ನೆಗಳು ಕೆಟ್ಟವಲ್ಲ, ಕೇಳುವವರೂ ಕೆಟ್ಟವರಲ್ಲ. ಆದರೆ ಎರಡೂ ಬಿದ್ದವರ ಬಗ್ಗೆ ಇಲ್ಲ ಅನ್ನುವುದು ನನ್ನನ್ನು ಬಹಳ ದಿನದಿಂದ ಕಾಡುತ್ತಿದೆ. ಹೆಲ್ಮೆಟ್ ಇರಲಿಲ್ಲ ಅಂದರೆ ತಪ್ಪು ಅವನದೇ, ನಾವು ಹಾಕುತ್ತೇವಲ್ಲ, ನಮಗೆ ಭಯವಿಲ್ಲ. ಯಾವಾಗ ಬರುತ್ತಾನೆ ಅಂದರೆ ನಮ್ಮ ನೋಡುವ ಖುಷಿ ಎಷ್ಟು ದಿನ ನಿಲ್ಲುತ್ತದೆ ಅಂತ. ಇನ್ನು ಎಂದಿಗೂ ಬರುವುದಿಲ್ಲ ಅಂತ ಗೊತ್ತಾದಾಗ ಈ ಎರಡೂ ಪ್ರಶ್ನೆಗೆ ಕೆಲಸವೇ ಇರುವುದಿಲ್ಲ.

ಕಾಟ್‌ಬುಸ್, ಜೂನ್ 2018

ಜರ್ಮನಿಯ ಕ್ರಿಸ್ಟೀನಾ ಫೋಗೆಲ್ ಹೆಸರು ನಮ್ಮಲ್ಲಿ ಟೂರ್ ಡಿ ಫ್ರಾನ್ಸ್ ಮಾತ್ರ ನೋಡುವವರಿಗೆ ಅಷ್ಟು ಪರಿಚಯವಿಲ್ಲ, ಆಕೆ ಟ್ರ್ಯಾಕ್ ಸ್ಪ್ರಿಂಟರ್, ಅಂದರೆ ಇಳಿಜಾರಾಗಿ ಕಟ್ಟಿದ ಸುತ್ತುಪಥದಲ್ಲಿ ಕಡಿಮೆ ದೂರದ ವೇಗದ ರೇಸು ಓಡಿಸುವವರು. 2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಮಿರಿಯಾಮ್ ವೆಲ್ಟೆ ಜೊತೆ ಟೀಮ್ ಸ್ಪ್ರಿಂಟ್ ಚಿನ್ನ, 2016ರ ರಿಯೋದಲ್ಲಿ ವೈಯಕ್ತಿಕ ಸ್ಪ್ರಿಂಟ್ ಚಿನ್ನ, 11 ವಿಶ್ವ ಪ್ರಶಸ್ತಿ. ರಿಯೋ ಫೈನಲ್ ನೋಡಿದವರು ಮರೆಯುವುದಿಲ್ಲ. ಬ್ರಿಟನ್ನಿನ ಬೆಕಿ ಜೇಮ್ಸ್ ಎದುರಿನ ಎರಡನೇ ಓಟದ ಕೊನೆಯಲ್ಲಿ, ಗೆರೆ ದಾಟಲು ಸೈಕಲ್ಲನ್ನು ಮುಂದಕ್ಕೆ ದೂಡುವ ಹೊತ್ತಿಗೆ ಫೋಗೆಲ್ ಸೈಕಲ್ಲಿನ ಸೀಟೇ ಕಿತ್ತು ಬಂತು. ಸೀಟಿಲ್ಲದ ಕಂಬದ ಮೊನೆ ಕೆಳಗಿದೆ, ಬ್ರೇಕ್ ಇಲ್ಲ, ಫಿಕ್ಸೆಡ್ ಗೇರ್, ಪೆಡಲ್ ನಿಲ್ಲಿಸುವ ಹಾಗಿಲ್ಲ. ಆ ವೇಗದಲ್ಲಿ ನಿಂತುಕೊಂಡೇ ತಿರುವು ಸುತ್ತಿ ನಿಧಾನ ಮಾಡಿದರು. ಗೆದ್ದದ್ದಕ್ಕಿಂತ ಬೀಳದೆ ನಿಂತದ್ದೇ ದೊಡ್ಡ ಕೈಚಳಕ.

2018ರ ಜೂನ್ 26ರಂದು ಕಾಟ್‌ಬುಸ್ ಊರಿನ ಕಾಂಕ್ರೀಟ್ ಟ್ರ್ಯಾಕಿನಲ್ಲಿ ಅಭ್ಯಾಸ ನಡೆಯುತ್ತಿದ್ದಾಗ ಅದೇ ಟ್ರ್ಯಾಕಿನಲ್ಲಿದ್ದ ನೆದರ್‌ಲ್ಯಾಂಡ್ಸ್‌ನ ಕಿರಿಯ ಸವಾರನೊಬ್ಬನಿಗೆ ಡಿಕ್ಕಿಯಾಯಿತು. ಎದೆಯ ಭಾಗದ ಏಳನೇ ಕಶೇರುಕದ (ಬೆನ್ನುಮೂಳೆಯ ಮಣಿ) ಹತ್ತಿರ ಬೆನ್ನುಹುರಿ ತುಂಡಾಯಿತು. ಆಗ ಅವರಿಗೆ 27 ವರ್ಷ.

ಟ್ರ್ಯಾಕಿನಲ್ಲಿ ಇಂಥದ್ದು ಹೇಗಾಗುತ್ತದೆ ಅನ್ನುವುದು ರಸ್ತೆ ಸವಾರರಿಗೆ ಬೇಗ ಹೊಳೆಯುವುದಿಲ್ಲ. ಟ್ರ್ಯಾಕ್ ಸೈಕಲ್ಲಿಗೆ ಬ್ರೇಕ್ ಇರುವುದೇ ಇಲ್ಲ. ನಿಧಾನ ಮಾಡಬೇಕಾದರೆ ಪೆಡಲಿಗೆ ಕಾಲಿನಿಂದ ಹಿಮ್ಮುಖ ಒತ್ತಡ ಕೊಡಬೇಕು, ಇಲ್ಲವೇ ಇಳಿಜಾರಿನ ಮೇಲಕ್ಕೆ ಹತ್ತಬೇಕು. ಎರಡಕ್ಕೂ ಹತ್ತಾರು ಮೀಟರ್ ಜಾಗ ಬೇಕು. ಸ್ಪ್ರಿಂಟರ್‌ಗಳು ಓಡುವುದು ಕೆಳಗಿನ ಕಪ್ಪು ಗೆರೆ ಮತ್ತು ಅದರ ಮೇಲಿನ ಕೆಂಪು ಗೆರೆಯ ನಡುವಿನ ಸಣ್ಣ ಪಟ್ಟಿಯಲ್ಲಿ. ಕೆಂಪು ಗೆರೆ ಇರುವುದು ಒಳಅಂಚಿನಿಂದ 85 ಸೆಂಟಿಮೀಟರ್ ದೂರಕ್ಕೆ. ನಿಂತಲ್ಲಿಂದ ಹೊರಡುವ ಅಭ್ಯಾಸ ಮಾಡುವವರೂ ಇದೇ ಪಟ್ಟಿಯಿಂದ ಹೊರಡುತ್ತಾರೆ. 60 ಕಿ.ಮೀ. ವೇಗ ಅಂದರೆ ಸೆಕೆಂಡಿಗೆ ಸುಮಾರು 17 ಮೀಟರ್. ಗಾಳಿ ಸೀಳಲು ತಲೆ ತಗ್ಗಿಸಿದ ಸ್ಪ್ರಿಂಟರ್ ತಲೆ ಎತ್ತಿ, ಮುಂದಿರುವುದು ನಿಂತ ಸೈಕಲ್ಲೆಂದು ಗುರುತಿಸುವಷ್ಟರಲ್ಲಿ ಆ 17 ಮೀಟರ್ ಮುಗಿದಿರುತ್ತದೆ. ಅದಕ್ಕೇ ಅಭ್ಯಾಸದಲ್ಲಿ ನಿಧಾನದವರು ಮೇಲಿನ ನೀಲಿ ಗೆರೆಗಿಂತ ಮೇಲಿರಬೇಕು, ಯಾರು ಯಾವಾಗ ಹೊರಡುತ್ತಾರೆ ಅನ್ನುವುದನ್ನು ಕೋಚ್‌ಗಳು ಮಾತಾಡಿಕೊಂಡಿರಬೇಕು, ಹಿಂದಿನಿಂದ ಬರುವವರು ಮೊದಲೇ ಕೂಗಬೇಕು. ಇಷ್ಟರಲ್ಲಿ ಒಂದು ತಪ್ಪಿದರೂ ಸಾಕು. ಹೆಲ್ಮೆಟ್ ಇತ್ತು. ಬೆನ್ನುಹುರಿಗೆ ಹೆಲ್ಮೆಟ್ ಇಲ್ಲ.

ಆಮೇಲೆ ಅಭಿಮಾನಿಗಳು ಹೇಗೆ ನಡೆದುಕೊಂಡರು ಅನ್ನುವುದನ್ನು ಗಮನಿಸಬೇಕು. ಅದು ಅಭ್ಯಾಸ, ರೇಸಲ್ಲ. ಟಿವಿ ಇರಲಿಲ್ಲ. ನಿಧಾನಗತಿಯಲ್ಲಿ ಹತ್ತು ಸಲ ನೋಡಿ ತೀರ್ಪು ಕೊಡಲು ಏನೂ ಇರಲಿಲ್ಲ. ಬೆನ್ನಿಗೆ ಗಂಭೀರ ಪೆಟ್ಟು ಅನ್ನುವುದಷ್ಟೇ ಹೊರಬಂದಿತ್ತು. 2009ರಲ್ಲಿ ರಸ್ತೆಯಲ್ಲಿ ವ್ಯಾನೊಂದು ಅಡ್ಡ ಬಂದು, ಕಶೇರುಕ ಮುರಿದು, ಎರಡು ದಿನ ಕೋಮಾದಲ್ಲಿಟ್ಟಿದ್ದ ಹುಡುಗಿ ಈಕೆ. ಅಲ್ಲಿಂದ ಎದ್ದು ಬಂದು ಒಲಿಂಪಿಕ್ ಚಿನ್ನ ಗೆದ್ದವರು. ಹಾಗಾಗಿ ಮತ್ತೆ ಬಂದೇ ಬರುತ್ತಾರೆ ಅಂದುಕೊಂಡವರೇ ಹೆಚ್ಚು. ಎರಡು ತಿಂಗಳು ಕಳೆದು ಸೆಪ್ಟೆಂಬರ್‌ನಲ್ಲಿ ಫೋಗೆಲ್ ತಾವೇ ಪತ್ರಿಕೆಗೆ ಹೇಳಿದರು: ಇನ್ನು ನಡೆಯಲು ಆಗುವುದಿಲ್ಲ. ಬಿದ್ದ ಮೇಲೆ ಯಾರೋ ತನ್ನ ಶೂಗಳನ್ನು ಹಿಡಿದುಕೊಂಡು ಹೋಗುವುದು ಕಂಡಿತಂತೆ. ಅವನ್ನು ಕಾಲಿನಿಂದ ಬಿಚ್ಚಿದ್ದೇ ಗೊತ್ತಾಗಿರಲಿಲ್ಲ. ನಡಿಗೆ ಮುಗಿಯಿತು ಅಂತ ಆಗಲೇ ತಿಳಿಯಿತು ಅಂದಿದ್ದರು. ಡಾಕ್ಟರು ಹೇಳುವ ಮೊದಲು, ಮನೆಯವರು ಹೇಳುವ ಮೊದಲು.

ಆ ಎರಡು ತಿಂಗಳಲ್ಲಿ ಅವರ ಜೊತೆಗಾರ ಸವಾರರು ತೀರ್ಪನ್ನೂ ಕೊಡಲಿಲ್ಲ, ಭವಿಷ್ಯವನ್ನೂ ನುಡಿಯಲಿಲ್ಲ. ಹಣ ಕೂಡಿಸಲು ಶುರು ಮಾಡಿದರು. ಅದರ ವಿಚಾರ ಕೊನೆಗೆ ಬರುತ್ತೇನೆ.

ಹೆಲ್ಮೆಟ್ ಎಷ್ಟು ತಡೆಯುತ್ತದೆ

ಹೆಲ್ಮೆಟ್ ಬೇಡ ಅನ್ನುತ್ತಿಲ್ಲ. ಅದಿಲ್ಲದೆ ಮನೆಯ ಮುಂದಿನ ಓಣಿಯಲ್ಲೂ ಹತ್ತಬಾರದು. ಆದರೆ ಅದು ಏನನ್ನು ತಡೆಯಲು ಮಾಡಿದ್ದು ಅಂತ ತಿಳಿದಿರಬೇಕು. ಯುರೋಪಿನ ಇಎನ್ 1078 ಪರೀಕ್ಷೆಯಲ್ಲಿ ಹೆಲ್ಮೆಟ್ಟನ್ನು ಚಪ್ಪಟೆ ಕಬ್ಬಿಣದ ಮೇಲೆ ಬೀಳಿಸುವುದು ಸೆಕೆಂಡಿಗೆ 5.42 ಮೀಟರ್ ವೇಗದಲ್ಲಿ, ಅಂದರೆ ಗಂಟೆಗೆ ಸುಮಾರು 19.5 ಕಿ.ಮೀ. ಸವಾರನ ತಲೆ ತನ್ನ ಎತ್ತರದಿಂದ ನೆಲಕ್ಕೆ ಬಡಿಯುವ ಲೆಕ್ಕ ಅದು. ನಮ್ಮ ಕಡೆ ಆಗುವ ಬಹುಪಾಲು ಬೀಳುಗಳಿಗೆ, ಅಂದರೆ ಬಣ್ಣ ಬಳಿಯದ ಹಂಪು, ಅಡ್ಡ ಬಂದ ನಾಯಿ, ಮರಳು ಚೆಲ್ಲಿದ ತಿರುವು ಇವುಗಳಿಗೆ ಅದು ಸಾಕು. 54 ಕಿ.ಮೀ. ವೇಗದಲ್ಲಿ ನೇರ ಗೋಡೆಗೆ ಹೋದರೆ ಸಾಲದು. ಒಂದು ಸಲ ಬಲವಾಗಿ ಬಡಿದ ಹೆಲ್ಮೆಟ್ಟಿನ ಒಳಗಿನ ಥರ್ಮೋಕೋಲ್ ಅಮುಕಿ ಹೋಗಿರುತ್ತದೆ, ಮೇಲಿನ ಚಿಪ್ಪು ನೆಟ್ಟಗಿದ್ದರೂ ಅದನ್ನು ಎಸೆಯಬೇಕು. ತಮ್ಮನಿಗೆ ಇರಲಿ ಅಂತ ಎತ್ತಿಡುವವರು ಬಹಳ.

ಬಿದ್ದವನು, ತಪ್ಪಿಸಿಕೊಂಡವನು

2003ರ ಟೂರ್‌ನ ಒಂಬತ್ತನೇ ಹಂತ, ಗ್ಯಾಪ್ ಊರಿಗೆ ಇಳಿಯುವ ದಾರಿ. ಸ್ಪೇನಿನ ಹೋಸೆಬಾ ಬೆಲೋಕಿ ಅಂದು ಒಟ್ಟಾರೆ ಎರಡನೇ ಸ್ಥಾನದಲ್ಲಿದ್ದರು, ಮೊದಲ ಸ್ಥಾನದಲ್ಲಿದ್ದ ಅಮೆರಿಕದ ಲ್ಯಾನ್ಸ್ ಆರ್ಮ್‌ಸ್ಟ್ರಾಂಗ್‌ಗಿಂತ 40 ಸೆಕೆಂಡ್ ಹಿಂದೆ. ಅದಕ್ಕೂ ಮೊದಲ ಮೂರು ವರ್ಷ ಸತತವಾಗಿ ಮೊದಲ ಮೂವರಲ್ಲಿ ಒಬ್ಬರಾಗಿ ಪೋಡಿಯಂ ಏರಿದವರು. ಬಿಸಿಲಿಗೆ ಡಾಂಬರು ಮೆದುವಾಗಿತ್ತು. ತಿರುವಿನಲ್ಲಿ ಹಿಂದಿನ ಗಾಲಿ ಜಾರಿತು, ಬ್ರೇಕಿಗೆ ಲಾಕ್ ಆಯಿತು, ರಿಮ್ಮಿಗೆ ಅಂಟಿಸಿದ್ದ ಟ್ಯೂಬುಲರ್ ಟೈರು ಕಳಚಿಕೊಂಡಿತು. ಜಾರುತ್ತಿದ್ದ ಸೈಕಲ್ ಥಟ್ಟನೆ ಹಿಡಿತ ಸಿಕ್ಕಿ ಸವಾರನನ್ನು ಬಲಕ್ಕೆ ಎತ್ತಿ ಎಸೆಯಿತು. ತೊಡೆ, ಮೊಣಕೈ, ಮಣಿಕಟ್ಟು ಮೂರೂ ಮುರಿದವು. ಬೆಲೋಕಿ ಆಮೇಲೂ ಕೆಲವು ವರ್ಷ ರೇಸಿಗಿಳಿದರು, ಆದರೆ ಮೊದಲಿನ ಬೆಲೋಕಿ ಮತ್ತೆ ಸಿಗಲಿಲ್ಲ.

ಈ ಘಟನೆಯ ಬಗ್ಗೆ ಯಾರನ್ನಾದರೂ ಕೇಳಿ, ಹಿಂದೆಯೇ ಬರುತ್ತಿದ್ದ ಆರ್ಮ್‌ಸ್ಟ್ರಾಂಗ್ ಹೊಲದೊಳಗೆ ನುಗ್ಗಿ, ಸೈಕಲ್ ಹೊತ್ತು ಕಾಲುವೆ ಹಾರಿ ರಸ್ತೆಗೆ ಬಂದದ್ದನ್ನು ಕಣ್ಣರಳಿಸಿ ಹೇಳುತ್ತಾರೆ. ಆ ಮನುಷ್ಯನ ಏಳೂ ಟೂರ್ ಪ್ರಶಸ್ತಿಗಳನ್ನು 2012ರಲ್ಲಿ ಡೋಪಿಂಗ್‌ಗಾಗಿ ಕಿತ್ತುಕೊಂಡರು, ಆದರೂ ಆ ಹೊಲದ ಓಟ ಹೋಗಲಿಲ್ಲ. ವಿಡಿಯೋ ಇದ್ದರೆ ಅಭಿಮಾನಿಯ ಕಣ್ಣು ತಪ್ಪಿಸಿಕೊಂಡವನ ಬೆನ್ನು ಹತ್ತುತ್ತದೆ. ರಸ್ತೆ ಬದಿಯಲ್ಲಿ ತೊಡೆ ಹಿಡಿದು ಕೂಗುತ್ತಿದ್ದವನು ಚೌಕಟ್ಟಿನಿಂದ ಹೊರಗೆ.

ಬಳ್ಳಾರಿ-ರಾಯಚೂರಿನವರಿಗೆ ಈ ಡಾಂಬರಿನ ಪಾಠ ಬೇರೆಯವರಿಗಿಂತ ಹೆಚ್ಚು ಬೇಕು. ರಸ್ತೆಗೆ ಬಳಸುವ ವಿಜಿ-30 ಡಾಂಬರು ಮೆದುವಾಗಲು ಶುರುವಾಗುವುದು ಕನಿಷ್ಠ 47 ಡಿಗ್ರಿಯಲ್ಲಿ. ಏಪ್ರಿಲ್-ಮೇ ಮಧ್ಯಾಹ್ನ ಗಾಳಿಯೇ 42 ಇದ್ದಾಗ ಕಪ್ಪು ರಸ್ತೆಯ ಮೈ ಅದನ್ನು ಯಾವತ್ತೋ ದಾಟಿರುತ್ತದೆ. ಜಲ್ಲಿ ಸರಿಯಾಗಿ ಕೂತ ಕಡೆ ತೊಂದರೆಯಿಲ್ಲ. ತೇಪೆ ಹಾಕಿದಲ್ಲಿ, ಲಾರಿ ಗಾಲಿಯ ಜಾಡಿನಲ್ಲಿ, ಡಾಂಬರು ಹೆಚ್ಚಾಗಿ ಮೇಲೆ ಉಕ್ಕಿ ಮಿರಮಿರ ಮಿನುಗುವಲ್ಲಿ ಟೈರಿಗೆ ಕಲ್ಲಿನ ಹಿಡಿತ ಸಿಗುವುದಿಲ್ಲ. ಅಂಥಲ್ಲಿ ಬ್ರೇಕನ್ನು ತಿರುವಿಗೆ ಮೊದಲೇ, ಸೈಕಲ್ ನೆಟ್ಟಗಿರುವಾಗಲೇ ಮುಗಿಸಿಕೊಳ್ಳಬೇಕು. ವಾಲಿದ ಮೇಲೆ ಹಿಂದಿನ ಬ್ರೇಕ್ ಮುಟ್ಟಬಾರದು. ಟೈರಿನ ಗಾಳಿಯೂ ಲೆಕ್ಕಕ್ಕೆ ಬರುತ್ತದೆ: ಬೆಳಗ್ಗೆ 25 ಡಿಗ್ರಿಯಲ್ಲಿ 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತುಂಬಿದ ಟೈರು 50 ಡಿಗ್ರಿಗೆ ಕಾದರೆ 88ರ ಹತ್ತಿರ ಬರುತ್ತದೆ. 70 ಕಿಲೋ ತೂಕದವರಿಗೆ 28 ಮಿ.ಮೀ. ಟೈರಿನಲ್ಲಿ 75 ಇದ್ದರೆ ಧಾರಾಳ. ಟೈರಿನ ಬದಿಯಲ್ಲಿ ಬರೆದ ಗರಿಷ್ಠ ಅಂಕಿಯನ್ನೇ ಗುರಿ ಮಾಡಿಕೊಂಡು ಪಂಪ್ ಹೊಡೆಯುವುದು ನಮ್ಮಲ್ಲಿ ಬಿಡದ ಚಟ.

ಬೇಸಿಗೆ ಮುಗಿದರೆ ಬೇರೆ ಕಾಟ. ಸಂಡೂರು ಕಡೆ ಅದಿರಿನ ಕೆಂಪು ಪುಡಿ ಮೊದಲ ಮಳೆಗೆ ನುಣ್ಣನೆ ಕೆಸರಾಗುತ್ತದೆ. ಸಿರುಗುಪ್ಪ, ಸಿಂಧನೂರು, ಕಾರಟಗಿಯಲ್ಲಿ ನಾಟಿ ಕಾಲಕ್ಕೆ ಟ್ರ್ಯಾಕ್ಟರಿನ ಕೇಜ್ ವೀಲ್ ಎರೆಮಣ್ಣನ್ನು ರಸ್ತೆಗೆ ತಂದು ಹಾಕುತ್ತದೆ, ಸುಗ್ಗಿಗೆ ಅದೇ ರಸ್ತೆಯಲ್ಲಿ ಭತ್ತ ಒಣಗುತ್ತದೆ.

ಮೂಗು ಒರೆಸಲು ಒಂದು ಕೈ

ಬ್ರಿಟನ್ನಿನ ಕ್ರಿಸ್ ಫ್ರೂಮ್ 2019ರ ಜೂನ್ 12ರಂದು ಫ್ರಾನ್ಸಿನ ರೊವಾನ್ ಊರಿನಲ್ಲಿ ಬಿದ್ದದ್ದೂ ರೇಸಿನಲ್ಲಲ್ಲ, ಟೈಮ್ ಟ್ರಯಲ್‌ನ (ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸುವ ರೇಸು) ದಾರಿ ನೋಡಿಕೊಳ್ಳುವಾಗ. ಮೂಗು ಸೀನಿಕೊಳ್ಳಲು ಒಂದು ಕೈ ಬಿಟ್ಟ ಕ್ಷಣಕ್ಕೆ ಗಾಳಿಯ ಹೊಡೆತ ಮುಂದಿನ ಗಾಲಿಗೆ ಬಿತ್ತು, ಸೈಕಲ್ ಗೋಡೆಗೆ ಹೋಯಿತು. ವೇಗ 54 ಕಿ.ಮೀ. ತೊಡೆ, ಮೊಣಕೈ, ಪಕ್ಕೆಲುಬು, ಸೊಂಟ ಮುರಿದವು. "ನಾಲ್ಕು ಟೂರ್ ಗೆದ್ದೋನು, ಕೈ ಬಿಡಬಾರದು ಅಂತ ಗೊತ್ತಾಗಲಿಲ್ವಾ?" ಅಂದವರಿದ್ದಾರೆ. ಟೈಮ್ ಟ್ರಯಲ್ ಸೈಕಲ್ ಓಡಿಸದವರು ಮಾತ್ರ ಹಾಗೆ ಕೇಳಬಲ್ಲರು. ಅದರಲ್ಲಿ ಮೊಣಕೈಗಳು ಮುಂದೆ ಚಾಚಿದ ಎರಡು ಕೊಳವೆಗಳ ಮೇಲೆ ಒತ್ತಾಗಿ ಕೂತಿರುತ್ತವೆ, ಬ್ರೇಕ್ ಇರುವುದು ಆಚೆ ಬೇರೆ ಹಿಡಿಕೆಯಲ್ಲಿ. ರಿಮ್ ಆಳವಾದದ್ದು, ಹಾಯಿಯ ಹಾಗೆ ಅಡ್ಡಗಾಳಿ ಹಿಡಿಯುತ್ತದೆ. ಎರಡು ಕೈ ಇದ್ದಾಗ ತಾನಾಗಿ ಸರಿಹೋಗುವ ಸಣ್ಣ ಅಲುಗಾಟ ಒಂದೇ ಕೈಯಲ್ಲಿ ದೊಡ್ಡದಾಗುತ್ತದೆ.

ಕೊಪ್ಪಳ–ಕುಷ್ಟಗಿ ಬಯಲಲ್ಲಿ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಆಗಸ್ಟ್‌ವರೆಗೆ ಪಶ್ಚಿಮದ ಗಾಳಿ ರಸ್ತೆಗೆ ಅಡ್ಡಡ್ಡ ಹೊಡೆಯುತ್ತದೆ. ಅಪಾಯ ಗಾಳಿ ಒಂದೇ ಸಮ ಬೀಸುವಾಗ ಅಲ್ಲ, ನಿಂತು ಮತ್ತೆ ಸಿಗುವಾಗ. ಲಾರಿ ದಾಟುವ ಎರಡು ಸೆಕೆಂಡ್ ಮರೆ ಸಿಕ್ಕು ಸೈಕಲ್ ಅತ್ತ ವಾಲುತ್ತದೆ, ಲಾರಿ ಹೋದೊಡನೆ ಗಾಳಿ ಇತ್ತ ದೂಡುತ್ತದೆ. ಬೇಲಿ ಮುಗಿದು ಬಯಲು ಶುರುವಾಗುವಲ್ಲೂ ಹೀಗೇ. ಆ ತಿಂಗಳುಗಳಲ್ಲಿ ಮುಂದಿನ ಗಾಲಿಗೆ 30-35 ಮಿ.ಮೀ. ರಿಮ್ ಸಾಕು, 60ರದ್ದು ಮನೆಯಲ್ಲಿರಲಿ. ನೀರು ಕುಡಿಯುವುದು, ಬೆವರು ಒರೆಸುವುದು ಮರೆಯಿರುವಲ್ಲಿ ಮಾತ್ರ. ಉಳಿದ ಕೈ ಹ್ಯಾಂಡಲಿನ ನಡುಭಾಗದ ಹತ್ತಿರ ಇರಲಿ, ಮೊಣಕಾಲು ಮೇಲಿನ ಕೊಳವೆಗೆ ತಾಗಿಕೊಂಡಿರಲಿ.

ಬಾ ಅಂದವರೇ

ಫ್ರೂಮ್ ಹಾಸಿಗೆಯಲ್ಲಿ ಚೇತರಿಸಿಕೊಳ್ಳುತ್ತಿದ್ದಾಗಲೇ, ಜುಲೈ 2019ರಲ್ಲಿ, 2011ರ ವುಯೆಲ್ಟಾ, ಅಂದರೆ ಸ್ಪೇನಿನ ಮೂರು ವಾರದ ರೇಸಿನ ಪ್ರಶಸ್ತಿ, ಅವರಿಗೆ ಬಂತು. ಅಂದು ಗೆದ್ದಿದ್ದ ಸ್ಪೇನಿನ ಹುವಾನ್ ಹೋಸೆ ಕೋಬೋ ಡೋಪಿಂಗ್‌ನಲ್ಲಿ ಸಿಕ್ಕಿಬಿದ್ದಿದ್ದರಿಂದ. ಎಂಟು ವರ್ಷ ತಡವಾಗಿ ಬಂದ ಗೆಲುವು, ಮುರಿದ ತೊಡೆಯ ಪಕ್ಕದಲ್ಲಿ. ಅಭಿಮಾನಿಗಳು ಆಗಲೇ ಐದನೇ ಟೂರ್‌ನ ಕನಸು ಕಾಣುತ್ತಿದ್ದರು. ಎಂಟು ತಿಂಗಳಲ್ಲಿ, ಫೆಬ್ರುವರಿ 2020ಕ್ಕೆ ಫ್ರೂಮ್ ರೇಸಿಗೆ ಮರಳಿದರು. 2022ರಲ್ಲಿ ಆಲ್ಪ್ ಡ್ಯುಯೆಜ್ ಬೆಟ್ಟದ ಮೇಲೆ ಮೂರನೆಯವರಾಗಿ ಬಂದ ಒಂದು ದಿನ ಬಿಟ್ಟರೆ ಹಳೆಯ ಫ್ರೂಮ್ ಕಾಣಲಿಲ್ಲ. 'ಬಾ, ಬಾ' ಅಂದವರೇ 'ಇನ್ನೂ ಯಾಕೆ ಬಿಟ್ಟಿಲ್ಲ' ಅನ್ನತೊಡಗಿದರು. ಹಾಕಿದ ದುಡ್ಡಿಗೆ ತಕ್ಕ ಫಲವಿಲ್ಲ ಅಂತ ತಂಡದ ಮಾಲೀಕರೇ ಬಹಿರಂಗವಾಗಿ ಹೇಳಿದರು. 2025ರ ಆಗಸ್ಟ್‌ನಲ್ಲಿ, 40ನೇ ವಯಸ್ಸಿನಲ್ಲಿ ಅಭ್ಯಾಸದ ವೇಳೆ ಮತ್ತೆ ಬಿದ್ದು ಐದು ಪಕ್ಕೆಲುಬು, ಬೆನ್ನಿನ ಕಶೇರುಕ ಮುರಿದು, ಶ್ವಾಸಕೋಶ ಕುಗ್ಗಿ ಹೆಲಿಕಾಪ್ಟರಿನಲ್ಲಿ ತುಲೋನ್ ಆಸ್ಪತ್ರೆ ಸೇರಿದಾಗ ಮತ್ತೆ ಎಲ್ಲರೂ ಮೃದುವಾದರು.

ತೊಡೆಮೂಳೆ ಕೂಡುತ್ತದೆ, ಮೂರು-ಆರು ತಿಂಗಳು. ಆದರೆ ಎಡ-ಬಲ ಕಾಲಿನ ಬಲ ಸಮ ಬರುವುದು, ಇಳಿಜಾರಿನಲ್ಲಿ ಬ್ರೇಕ್ ಬಿಡುವ ಧೈರ್ಯ ಬರುವುದು ಬೇರೆ ಮಾತು. ಎಕ್ಸ್‌ರೇ ಅದನ್ನು ತೋರಿಸುವುದಿಲ್ಲ.

ಸೋಡಾ ತರಬೇಡಿ

ಇಷ್ಟೆಲ್ಲ ಓದಿದ ಅಭಿಮಾನಿಯ ಮುಂದೆಯೇ ಕುಡಿತಿನಿ ಹತ್ತಿರವೋ ಮಾನ್ವಿ ದಾರಿಯಲ್ಲೋ ಒಬ್ಬರು ಬಿದ್ದರು ಅನ್ನಿ. ನಮ್ಮ ಜನ ಒಳ್ಳೆಯವರು, ಓಡಿ ಬರುತ್ತಾರೆ. ಬಂದು ಮಾಡುವುದು ಕಂಕುಳಿಗೆ ಕೈ ಹಾಕಿ ಎತ್ತಿ ಕೂರಿಸುವುದು, ಹೆಲ್ಮೆಟ್ ಎಳೆಯುವುದು, "ಏ, ಸೋಡಾ ತರ್ರಿ" ಅನ್ನುವುದು. ಬೆನ್ನುಮೂಳೆ ಮುರಿದಿದ್ದರೂ ಹುರಿ ಇನ್ನೂ ಉಳಿದಿರಬಹುದು. ಕೂರಿಸುವಾಗ ಮುರಿದ ಚೂರು ಅದನ್ನು ಕತ್ತರಿಸಬಹುದು. ನೀರೂ ಬೇಡ, ಸೋಡಾನೂ ಬೇಡ: ಅರೆಪ್ರಜ್ಞೆಯಲ್ಲಿ ಅದು ಶ್ವಾಸನಾಳಕ್ಕೆ ಇಳಿಯುತ್ತದೆ, ಆಪರೇಷನ್‌ಗೆ ಅರಿವಳಿಕೆ ಕೊಡುವುದೂ ಕಷ್ಟವಾಗುತ್ತದೆ.

ಒಬ್ಬರು ಐವತ್ತು ಮೀಟರ್ ಹಿಂದೆ ಹೋಗಿ ಗಾಡಿಗಳನ್ನು ತಡೆಯಲಿ. ಒಬ್ಬರು 108ಕ್ಕೆ ಫೋನ್ ಮಾಡಿ ಊರಿನ ಹೆಸರಲ್ಲದೆ ಕಿ.ಮೀ. ಕಲ್ಲಿನ ಅಂಕಿಯನ್ನೂ ಹೇಳಲಿ. ಒಬ್ಬರು ತಲೆಯ ಹಿಂದೆ ಮೊಣಕಾಲೂರಿ, ಮೊಣಕೈ ನೆಲಕ್ಕೆ ಆನಿಸಿ, ಎರಡು ಅಂಗೈಗಳಿಂದ ಕಿವಿಯ ಪಕ್ಕ ತಲೆಯನ್ನು ಹಿಡಿದುಕೊಂಡೇ ಇರಲಿ. ಕಾಲ್ಬೆರಳು ಅಲ್ಲಾಡಿಸಲು ಹೇಳಿ, ಮುಟ್ಟಿದ್ದು ಗೊತ್ತಾಗುತ್ತದಾ ಕೇಳಿ, ಉತ್ತರವನ್ನೂ ಸಮಯವನ್ನೂ ನೆನಪಿಟ್ಟು ಆಂಬುಲೆನ್ಸಿನವರಿಗೆ ಹೇಳಿ. ಉಸಿರು ಕಟ್ಟಿದ್ದರೆ ಮಾತ್ರ ಹೆಲ್ಮೆಟ್ ತೆಗೆಯುವ ಮಾತು. ವಾಂತಿ ಬಂದರೆ ಮೂರು-ನಾಲ್ಕು ಜನ ಸೇರಿ ತಲೆ, ಭುಜ, ಸೊಂಟ ಒಂದೇ ಗೆರೆಯಲ್ಲಿರುವಂತೆ ಮಗ್ಗುಲಿಗೆ ಹೊರಳಿಸಬೇಕು. ಪೊಲೀಸ್ ಕೇಸಿನ ಭಯದಿಂದ ಹಿಂದೆ ಸರಿಯುವುದು ಬೇಡ: ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿಸಿದ 134ಎ ಕಲಂ ಸಹಾಯಕ್ಕೆ ಬಂದವರನ್ನು ಕಾಪಾಡುತ್ತದೆ.

ಆರನೇ ತಿಂಗಳು

ಫೋಗೆಲ್‌ಗಾಗಿ ಜೊತೆಗಾರರು ಹಣ ಕೂಡಿಸಿದ್ದು ಆಪರೇಷನ್ನಿಗಲ್ಲ, ಆಮೇಲಿನ ಬದುಕಿಗೆ. ನಮ್ಮ ಕಡೆ ಇದು ತಿರುಗುಮುರುಗು. ಬಿದ್ದ ಮೊದಲ ವಾರ ಎಲ್ಲರ ಜೇಬೂ ತೆರೆದಿರುತ್ತದೆ. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ, ಖರ್ಚು ನಿಜವಾಗಿ ಶುರುವಾಗುವಾಗ ಯಾರೂ ಇರುವುದಿಲ್ಲ.

ಆ ಖರ್ಚು ಎಂಥದ್ದು? ಬೆನ್ನುಹುರಿ ತುಂಡಾದವರು ದಿನಕ್ಕೆ ನಾಲ್ಕರಿಂದ ಆರು ಸಲ ಕ್ಯಾಥೆಟರ್ (ತೆಳು ನಳಿಕೆ) ಹಾಕಿ ಮೂತ್ರ ತೆಗೆಯಬೇಕು. ಒಮ್ಮೆ ಬಳಸಿ ಎಸೆಯುವುದಾದರೆ ತಿಂಗಳಿಗೆ 120ರಿಂದ 180 ಬೇಕು. ಕೂತಲ್ಲಿ ಕಾಲು ಗಂಟೆಗೊಮ್ಮೆ ಕೈಯೂರಿ ಮೈ ಎತ್ತಬೇಕು, ಬೆಳಗ್ಗೆ-ಸಂಜೆ ಕನ್ನಡಿ ಹಿಡಿದು ಪೃಷ್ಠ, ಹಿಮ್ಮಡಿ ನೋಡಿಕೊಳ್ಳಬೇಕು, ಇಲ್ಲದಿದ್ದರೆ ಒತ್ತುಹುಣ್ಣು. ಗಾಲಿಕುರ್ಚಿಗಿಂತ ಅದರ ಮೇಲಿನ ಕುಶನ್ ಮುಖ್ಯ. ದಾನಕ್ಕೆ ಬರುವ ಕುರ್ಚಿಗಳಲ್ಲಿ ಇರುವುದು ರೆಕ್ಸಿನ್ ಹಾಳೆ, ಅದರ ಮೇಲೆ ದಿನಗಟ್ಟಲೆ ಕೂತರೆ ಹುಣ್ಣು ಖಚಿತ. ಗಾಯದ ಮಟ್ಟಕ್ಕಿಂತ ಕೆಳಗೆ ಬೆವರುವುದೂ ಕಡಿಮೆಯಾಗುತ್ತದೆ. ರಾಯಚೂರಿನ ಮೇ ತಿಂಗಳಲ್ಲಿ ಇದರ ಅರ್ಥ ಏನು ಅಂತ ಯೋಚಿಸಿ: ಮೈ ತಂಪಾಗುವ ದಾರಿಯೇ ಅರ್ಧ ಮುಚ್ಚಿರುತ್ತದೆ. ಬಿಸಿಲಲ್ಲಿ ನಿಂತ ಕುರ್ಚಿಯ ಕಾಲ್ತಟ್ಟೆ ಪಾದ ಸುಟ್ಟರೂ ತಿಳಿಯುವುದಿಲ್ಲ. ಒದ್ದೆ ಬಟ್ಟೆ, ಸ್ಪ್ರೇ ಬಾಟಲಿ, ಹಗಲು ಹೊತ್ತು ಕೂಲರ್ ಇವು ಔಷಧಿಯ ಲೆಕ್ಕಕ್ಕೇ ಸೇರಬೇಕು.

ಇನ್ನು ಮನೆ. ನಮ್ಮ ಊರುಗಳ ಮನೆ ಮುಂದೆ ಎರಡು ಅಡಿ ಕಟ್ಟೆ, ಬಾಗಿಲಿಗೆ ಮೂರಿಂಚಿನ ಹೊಸ್ತಿಲು, ಹಿತ್ತಲಲ್ಲಿ ಕೆಳಗೆ ಕೂರುವ ಸಂಡಾಸು. ಗಾಲಿಕುರ್ಚಿಯ ಇಳಿಜಾರು ಒಂದಕ್ಕೆ ಹನ್ನೆರಡರ ಲೆಕ್ಕದಲ್ಲಿರಬೇಕು: ಎರಡು ಅಡಿ ಎತ್ತರಕ್ಕೆ 24 ಅಡಿ ಉದ್ದ. ಓಣಿಯೇ ಅಷ್ಟು ಅಗಲ ಇರುವುದಿಲ್ಲ. ಹಾಗಾಗಿ ಗೋಡೆಗುಂಟ ಕಟ್ಟಿ, ನಡುವೆ ತಿರುಗಲು ಐದಡಿ ಚೌಕ ಬಿಡಬೇಕು, ಇಲ್ಲವೇ ನೆಲಮಟ್ಟದ ಹಿತ್ತಲ ಬಾಗಿಲನ್ನೇ ಮುಂಬಾಗಿಲು ಮಾಡಿಕೊಳ್ಳಬೇಕು. ಗೌಂಡಿಗಳು ಜಾಗ ಉಳಿಸಲು ಕಡಿದಾಗಿ ಕಟ್ಟಿ "ಹಿಂದಿಂದ ಒಬ್ರು ನೂಕಿದ್ರಾತು" ಅನ್ನುತ್ತಾರೆ, ಒಪ್ಪಬೇಡಿ. ಬಾಗಿಲು ಒಳಅಳತೆ 80 ಸೆಂ.ಮೀ.ಗಿಂತ ಕಡಿಮೆಯಾದರೆ ಕೈಗಂಟು ತರಚುತ್ತದೆ. ಅಂಗವಿಕಲರ ಯುಡಿಐಡಿ ಕಾರ್ಡಿಗೆ ಅರ್ಜಿ ಹಾಕಲು, ಜಿಲ್ಲಾಸ್ಪತ್ರೆಯ ತಪಾಸಣೆಗೆ ಗಾಡಿ ಮಾಡಿ ಕರೆದೊಯ್ಯಲು ಒಬ್ಬರು ಬಿಡುವು ಮಾಡಿಕೊಳ್ಳಬೇಕು, ಕಾರ್ಡ್ ಇಲ್ಲದೆ ಮುಂದಿನ ಯಾವ ಸವಲತ್ತೂ ಕದಲುವುದಿಲ್ಲ.

ಫೋಗೆಲ್ 2019ರಲ್ಲಿ ಎರ್‌ಫುರ್ಟ್ ನಗರಸಭೆಗೆ ಆಯ್ಕೆಯಾದರು, ಆಮೇಲೆ ಟಿವಿಯಲ್ಲಿ ಟ್ರ್ಯಾಕ್ ಸೈಕ್ಲಿಂಗ್ ವಿಶ್ಲೇಷಣೆಗೆ ಕೂತರು. ಅದಕ್ಕೆ ಮನೋಬಲ ಕಾರಣ ಅನ್ನುವವರೇ ಎಲ್ಲ. ಮನೋಬಲ ಇತ್ತು, ಜೊತೆಗೆ ಗಾಲಿಕುರ್ಚಿ ಒಳಗೆ ಹೋಗುವಂಥ ಬಾಗಿಲೂ ಇತ್ತು. ಇಲ್ಲಿನ ಸವಾರರ ಗುಂಪುಗಳು ಜೆರ್ಸಿಗೆ, ವಾರ್ಷಿಕ ರೈಡಿಗೆ ಹಣ ಎತ್ತುತ್ತಲೇ ಇರುತ್ತವೆ. ಬಿದ್ದವರಿಗೆ ಅಂತ ಕೂಡಿಸಿದ್ದರಲ್ಲಿ ಮೂರನೇ ಒಂದು ಪಾಲನ್ನಷ್ಟೇ ಮೊದಲ ತಿಂಗಳು ಕೊಟ್ಟು, ಉಳಿದದ್ದನ್ನು ಬ್ಯಾಂಕಿನಲ್ಲಿಟ್ಟು, ಆರನೇ ತಿಂಗಳು ಮನೆಗೆ ಹೋಗಿ ಕುಶನ್ ಹೇಗಿದೆ, ಕ್ಯಾಥೆಟರ್ ಎಷ್ಟು ಉಳಿದಿದೆ, ರ‍್ಯಾಂಪ್ ಕಟ್ಟಿಸಿದರಾ ಅಂತ ನೋಡಿಕೊಂಡು ಬರುವುದು ಒಳ್ಳೆಯದು. ಗಾಳಿ ತುಂಬಿದ ಕುಶನ್ನಾದರೆ ಕೆಳಗೆ ಅಂಗೈ ಹಾಕಿ ನೋಡಿ: ಕೂತವರ ಮೂಳೆಗೂ ಕುರ್ಚಿಗೂ ನಡುವೆ ಸುಮಾರು ಅರ್ಧ ಇಂಚು ಗಾಳಿ ಇರಬೇಕು.